ಗಾಲಿಗೆ ಎಂಬತ್ತೈದು, ಎಂಜಿನ್ನಿಗೆ ನೂರು

ಪ್ರಕಾಶ, ನಮ್ಮ ಪಾಲಿಟೆಕ್ನಿಕ್ಕಿನ ಹಿಂದಿನ ಶೆಡ್ಡಿನ ಕೀಲಿಕೈಯನ್ನು ನಿನ್ನ ಕೈಗಿಟ್ಟ ದಿನ, "ಸರ್, ಈ ಡೈನೊ ಮಶೀನಿನ ಬಗ್ಗೆ ನಾಕ ಮಾತು ಬರದ ಕೊಡ್ರಿ" ಎಂದು ನೀನು ಕೇಳಿದ್ದೆ. ನಾಲ್ಕು ಮಾತಿನಲ್ಲಿ ಮುಗಿಯುವಂಥದ್ದು ಮಶೀನಿನ ಜೊತೆ ಬಂದ ಪುಸ್ತಕದಲ್ಲೇ ಇತ್ತು. ಆ ಪುಸ್ತಕದ ಮುಕ್ಕಾಲು ಭಾಗವನ್ನು ಇಲಿ ತಿಂದಿದೆ. ಉಳಿದ ಕಾಲು ಭಾಗವನ್ನು ನಾನು ಓದಿದ್ದೆ, ಆದರೆ ಪಾಲಿಸಲಿಲ್ಲ. ನಾನು ಬರೆಯಬೇಕಾದದ್ದು ಆ ಕಥೆ.

ಜಮಖಂಡಿಯಲ್ಲಿ ಮೂವತ್ತು ವರ್ಷದ ಮೇಲೆ ಆಟೊಮೊಬೈಲ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆಗಿದ್ದೆ. ಪ್ರಮೋಶನ್ ವಿಷಯ ಬರೆಯುವುದಿಲ್ಲ. ಸಿಕ್ಕಿದ್ದು ಒಂದೇ, ಅದರಲ್ಲಿ ಕುರ್ಚಿ ಬದಲಾಯಿತು, ಕೆಲಸ ಬದಲಾಗಲಿಲ್ಲ. ಕುರ್ಚಿಯೂ ಹಳೆಯದೇ ಚೆನ್ನಾಗಿತ್ತು.

ಮಶೀನು ನಿನಗೆ ಗೊತ್ತಿರುವುದೇ. ಆದರೆ ಇದನ್ನು ನಿನ್ನ ಹುಡುಗರೂ ಓದಬಹುದು, ಅದಕ್ಕೆ ಹೇಳುತ್ತೇನೆ. ನೆಲದೊಳಗೆ ಎರಡು ದಪ್ಪ ಕಬ್ಬಿಣದ ರೋಲರ್. ಗಾಡಿಯ ಎಳೆಯುವ ಗಾಲಿಗಳನ್ನು ಅದರ ಮೇಲೆ ನಿಲ್ಲಿಸಿ, ಮುಂದೆ ಹಿಂದೆ ಪಟ್ಟಿಯಿಂದ ಬಿಗಿದು, ಎಕ್ಸಲರೇಟರ್ ಪೂರ್ತಿ ಒತ್ತಿದರೆ ಗಾಡಿ ಇದ್ದಲ್ಲೇ ಇರುತ್ತದೆ, ರೋಲರ್ ತಿರುಗುತ್ತದೆ. ಎಷ್ಟು ಎಚ್‌ಪಿ ಬಂತು ಎಂದು ಕಂಪ್ಯೂಟರ್ ತೋರಿಸುತ್ತದೆ. ಆದರೆ ಅದು ಗಾಲಿಗೆ ಬಂದು ಮುಟ್ಟಿದ ಎಚ್‌ಪಿ. ಕಂಪನಿಯವರು ಪುಸ್ತಕದಲ್ಲಿ ಬರೆಯುವುದು ಎಂಜಿನ್ನಿನ ಎಚ್‌ಪಿ. ಎಂಜಿನ್ನಿನಿಂದ ಹೊರಟಿದ್ದು ಗೇರ್‌ಬಾಕ್ಸು, ಶಾಫ್ಟು, ಆಕ್ಸಲ್, ಟೈರು ಎಂದು ನಾಲ್ಕು ಕೈ ದಾಟಿ ಬರುವಷ್ಟರಲ್ಲಿ ಪ್ರತಿಯೊಂದೂ ತನ್ನ ಪಾಲು ತಿಂದಿರುತ್ತದೆ. ಎಷ್ಟು ತಿಂದವು ಎಂದು ಪತ್ತೆ ಹಚ್ಚಿ ಮತ್ತೆ ಸೇರಿಸಿದರೆ ಎಂಜಿನ್ನಿನ ಎಚ್‌ಪಿ ಸಿಗುತ್ತದೆ. ನಮ್ಮ ಕೆಲಸ ಇಷ್ಟೇ. ನನ್ನ ಮಾನ ಹೋಗಿದ್ದೂ ಇಲ್ಲೇ.

ಮಶೀನು ಬಂದ ಹೊಸದರಲ್ಲಿ, ಶನಿವಾರ ಹೊರಗಿನವರ ಗಾಡಿಯನ್ನೂ ನೋಡಿ ಕಾಗದ ಕೊಡಬೇಕು ಎಂದು ಮೇಲಿನಿಂದ ಹೇಳಿದರು. ಯಾರು ಬಂದಾರು ಎಂದುಕೊಂಡಿದ್ದೆ. ನಮ್ಮ ಸೀಮೆಯ ಜನ ನನಗೆ ಅರ್ಥವಾಗಿರಲಿಲ್ಲ. ಇಲ್ಲಿ ಹೊಲದಲ್ಲಿ ಪಂಪ್‌ಸೆಟ್ಟು, ಮನೆಯಲ್ಲಿ ಮಗ್ಗದ ಮೋಟರು. ಎಚ್‌ಪಿ ಎಂದರೆ ಏನೆಂದು ಮುದುಕಿಯರಿಗೂ ಗೊತ್ತು. ಮೊದಲ ಶನಿವಾರವೇ ಗೇಟಿನ ತನಕ ಗಾಡಿ ನಿಂತವು. ಕಬ್ಬು ತೂಗಿಸಿ ರೂಢಿಯಾದ ಜನ ಮಶೀನಿಗೆ ಡೈನೊ ಅನ್ನಲೇ ಇಲ್ಲ. ಕಾಟಾ ಎಂದೇ ಕರೆದರು. ಗಾಡಿ ಹತ್ತುತ್ತದೆ, ನಿಲ್ಲುತ್ತದೆ, ಚೀಟಿ ಬರುತ್ತದೆ, ಅಂದಮೇಲೆ ಅದು ಕಾಟಾ ಅಲ್ಲದೆ ಇನ್ನೇನು?

ಹೆಸರು ಕಾಟಾ ಎಂದಾದ ಮೇಲೆ ಕಾಟಾದ ನಡಾವಳಿಯೂ ಬಂತು. ರನ್ನ ಬೆಳಗಲಿಯ ರೈತನೊಬ್ಬ ತನ್ನ ಜೀಪಿನಲ್ಲಿ ಹೆಂಡತಿ, ಮಕ್ಕಳು, ಅಣ್ಣ, ಅತ್ತಿಗೆ, ಅಜ್ಜಿ, ಜೊತೆಗೆ ಎರಡು ಚೀಲ ಜೋಳ ತುಂಬಿಕೊಂಡು ಬಂದ.

"ಮಾಸ್ತರ್ರ, ಮೊದಲ ಭರ್ತಿ ಹಿಡೀರಿ, ಆಮ್ಯಾಲ ಖಾಲಿ ಹಿಡೀರಿ," ಅಂದ.

"ಏ ಇದು ತೂಕದ ಕಾಟಾ ಅಲ್ಲೋ ತಮ್ಮಾ. ಎಲ್ಲಾರೂ ಇಳೀರಿ."

ಎಲ್ಲರೂ ಇಳಿದರು, ಅಜ್ಜಿ ಇಳಿಯಲಿಲ್ಲ. "ನಾ ಇಳದ್ರ ಎಚ್‌ಪಿ ಕಮ್ಮಿ ಆಗ್ತೈತಿ, ನನಗ ಗೊತ್ತೈತಿ," ಎಂದು ಹಿಂದಿನ ಸೀಟಿನ ಕಂಬಿ ಹಿಡಿದು ಕೂತಳು. ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತಿದ್ದವು. ನಾನು ಮಾಡಬಾರದ ಕೆಲಸ ಮಾಡಿದೆ, ಅಜ್ಜಿಯನ್ನು ಕೂರಿಸಿಕೊಂಡೇ ರೋಲರ್ ಓಡಿಸಿದೆ. ನೀನು ಹಾಗೆ ಎಂದೂ ಮಾಡಬೇಡ. ಆಮೇಲೆ ಕೈಮುಗಿದು ಅವಳನ್ನು ಇಳಿಸಿ ಮತ್ತೊಮ್ಮೆ ಓಡಿಸಿದರೆ ಎರಡು ಎಚ್‌ಪಿ ಕಮ್ಮಿ ಬಂತು! ಆ ಜೀಪಿನ ಟೈರು ಸವೆದು ನುಣ್ಣಗಾಗಿದ್ದವು. ಅಜ್ಜಿಯ ಭಾರಕ್ಕೆ ರೋಲರನ್ನು ಗಟ್ಟಿಯಾಗಿ ಹಿಡಿದಿದ್ದವು, ಭಾರ ಇಳಿದಾಗ ಸ್ವಲ್ಪ ಜಾರಿದವು. ಇದನ್ನು ನಾನು ಹತ್ತು ನಿಮಿಷ ಬಿಡಿಸಿ ಹೇಳಿದೆ. ಯಾರೂ ಕೇಳಲಿಲ್ಲ. ಅಜ್ಜಿಯನ್ನು ಮುಂದಿನ ಸೀಟಿಗೆ ಕೂರಿಸಿಕೊಂಡು ಮೆರವಣಿಗೆಯ ಹಾಗೆ ಹೋದರು.

ಜಾರುವುದರ ಇನ್ನೊಂದು ಪಾಠ ಬೀಳಗಿ ಕಡೆಯಿಂದ ಬಂತು. ಕುರಿ ಮಾರಿ, ತೋಟ ಮಾಡಿ ಏಳಿಗೆಯಾದ ಮನೆತನ, ಬೀರೇಶ್ವರನ ಭಕ್ತರು. ಹೊಸ ಕಾರು ತಂದಿದ್ದರು. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ನಾನು ಕಂಪ್ಯೂಟರಿನ ಕಡೆ ತಿರುಗುವಷ್ಟರಲ್ಲಿ ಮನೆಯ ಹಿರಿಯ ಚೀಲ ಬಿಚ್ಚಿ "ಬೀರಪ್ಪಾ!" ಎಂದು ಕೂಗಿ ಎರಡು ಬೊಗಸೆ ಭಂಡಾರ ಎರಚಿದ. ಒಂದು ಬೊಗಸೆ ಗಾಡಿಗೆ, ಇನ್ನೊಂದು ಸರಿಯಾಗಿ ರೋಲರ್ ಮೇಲೆ. ಎಂಜಿನ್ ತಣಿಸಲು ಮುಂದೆ ಇಟ್ಟಿದ್ದ ದೊಡ್ಡ ಫ್ಯಾನ್ ಆಗಲೇ ತಿರುಗುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಶೆಡ್ಡಿನಲ್ಲಿದ್ದವರೆಲ್ಲ ಅರಿಶಿನ ಮೆತ್ತಿದ ಮದುಮಕ್ಕಳಾದರು. ಅದೇ ಗಳಿಗೆಗೆ ನಮ್ಮ ವಿಭಾಗದ ಮುಖ್ಯಸ್ಥರಾದ ನಾಡಗೌಡ ಸರ್ ಬಿಳಿ ಅಂಗಿಯಲ್ಲಿ, ಬೆಳಗಾವಿಯಿಂದ ತಪಾಸಣೆಗೆ ಬಂದವರನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದರು. ಬಂದವರೂ ಬಿಳಿ ಅಂಗಿಯವರೇ.

ರೀಡಿಂಗು ಬರಬೇಕಾದದ್ದರ ಅರ್ಧ ಬಂತು. ಅರಿಶಿನದ ಪುಡಿಯ ಮೇಲೆ ಟೈರು ಹಿಡಿತ ತಪ್ಪಿ ಸುಮ್ಮನೆ ಗರಗರ ತಿರುಗಿತ್ತು. ಮನೆಯವರ ಮುಖ ಬಾಡಿತು. ಹಿರಿಯ ಮಾತ್ರ ಅಲುಗಲಿಲ್ಲ.

"ಇರ್ಲಿ ಬಿಡ್ರಿ ಮಾಸ್ತರ್ರ. ಅರ್ಧಾ ದೇವರು ತಗೊಂಡಾನ," ಅಂದ.

ಸಾಬೂನಿನ ನೀರಿನಿಂದ ರೋಲರ್ ತಿಕ್ಕಿ, ಒರೆಸಿ, ಒಣಗಿಸಿ ಮತ್ತೆ ಓಡಿಸಿದೆ. ದೇವರು ಎಲ್ಲವನ್ನೂ ತಿರುಗಿ ಕೊಟ್ಟ. ಶೆಡ್ಡಿನ ಬಾಗಿಲಲ್ಲಿ "ಪೂಜೆ ಬಾನೆಟ್ಟಿಗೆ ಮಾತ್ರ" ಎಂಬ ಬೋರ್ಡ್ ಇದೆಯಲ್ಲ, ಅದರ ಮೂಲ ಇದು. ನಾಡಗೌಡ ಸರ್ ನನ್ನ ಜೊತೆ ಎಂಟು ದಿನ ಮಾತು ಬಿಟ್ಟರು. ಆ ಎಂಟು ದಿನ ಲ್ಯಾಬಿನಲ್ಲಿ ಒಳ್ಳೆಯ ಕೆಲಸ ನಡೆಯಿತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಗಾಲಿ ಮತ್ತು ಎಂಜಿನ್ನಿನ ನಡುವೆ ಎಷ್ಟು ನಷ್ಟವಾಯಿತು ಎಂದು ತಿಳಿಯಲು ಸರಿಯಾದ ರೀತಿ ಒಂದಿದೆ, ಪುಸ್ತಕದಲ್ಲಿ ಕೋಸ್ಟ್‌ಡೌನ್ ಅನ್ನುತ್ತಾರೆ. ಗಾಡಿಯನ್ನು ಪೂರ್ತಿ ವೇಗಕ್ಕೆ ಒಯ್ದ ಮೇಲೆ ಕ್ಲಚ್ ಒತ್ತಿ ಹಿಡಿದು, ಗಾಲಿಗಳು ತಾವಾಗಿ ನಿಲ್ಲುವ ತನಕ ಬಿಡಬೇಕು. ಬೇಗ ನಿಂತವೆಂದರೆ ದಾರಿಯಲ್ಲಿ ತಿನ್ನುವವರು ಹೆಚ್ಚು. ನಿಧಾನ ನಿಂತವೆಂದರೆ ಕಮ್ಮಿ. ಎಷ್ಟೆಂದು ಮಶೀನು ಅಳೆದು ಹೇಳುತ್ತದೆ, ಗಾಲಿಯ ಅಂಕಿಗೆ ಅದನ್ನು ಕೂಡಿಸಬೇಕು. ಮೊದಲಿಗೆ ನಾನು ಹೀಗೇ ಮಾಡುತ್ತಿದ್ದೆ, ಹುಡುಗರಿಗೂ ಹೀಗೇ ಕಲಿಸಿದೆ. ಆದರೆ ಶನಿವಾರದ ಸಾಲು ಬೆಳೆಯಿತು. ನಾಡಗೌಡ ಸರ್ ಕಿಟಕಿಯಿಂದ ಕೂಗುತ್ತಿದ್ದರು.

"ಸಂಗಪ್ಪಾ, ನಿನ್ನ ಗಾಲಿ ನಿಲ್ಲೂದ್ರಾಗ ಊಟದ ಹೊತ್ತಾತು! ಲಗೂನ ಮುಗಸು!"

ಆಗ ನನ್ನ ತಲೆಗೆ ಬಂದದ್ದು ಸೂಟು. ನಮ್ಮಪ್ಪ ಬೆಲ್ಲದ ಪೇಟೆಯಲ್ಲಿ ತೂಗುವವನಾಗಿದ್ದ. ಪೇಟೆಯಲ್ಲಿ ಯಾವ ಮಾಲು ಬಂದರೂ ತೂಕದಲ್ಲಿ ಇಂತಿಷ್ಟು ಎಂದು ತೆಗೆದುಬಿಡುವ ರೂಢಿಗೆ ಸೂಟು ಅನ್ನುತ್ತಾರೆ. ಬೆಲ್ಲ ಒಣಗಿರಲಿ, ಹಸಿ ಇರಲಿ, ಸೂಟು ಒಂದೇ. ಯಾರೂ ಕೇಳುವುದಿಲ್ಲ, ಕೆಲಸ ಲಗೂನ ಸಾಗುತ್ತದೆ. ನಾನು ಎಚ್‌ಪಿಗೂ ಸೂಟು ಹಾಕಿದೆ, ನೂರಕ್ಕೆ ಹದಿನೈದು. ಸಣ್ಣ ಕಾರಿರಲಿ, ದೊಡ್ಡ ಜೀಪಿರಲಿ, ಹೊಸದಿರಲಿ, ಹಳೆಯದಿರಲಿ, ನೂರರಲ್ಲಿ ಹದಿನೈದು ದಾರಿಯಲ್ಲಿ ಹೋಯಿತು ಎಂದು ಹಿಡಿದು ಎಂಜಿನ್ನಿನ ಎಚ್‌ಪಿ ಬರೆದು, ಕಾಲೇಜಿನ ಶಿಕ್ಕಾ, ಅಂದರೆ ಮೊಹರು, ಹೊಡೆದು ಕೊಟ್ಟೆ. ಒಂದು ಗಾಡಿಗೆ ಐದು ನಿಮಿಷ.

ಅದರಲ್ಲೂ ಜಗಳ ಇತ್ತು. ಗಾಲಿಗೆ ಎಂಬತ್ತೈದು ಬಂದರೆ ಅದಕ್ಕೆ ನೂರಕ್ಕೆ ಹದಿನೈದರಂತೆ ಕೂಡಿಸು, ತೊಂಬತ್ತೇಳೂ ಮುಕ್ಕಾಲು ಎಂದು ನಾಡಗೌಡ ಸರ್. ಹಾಗಲ್ಲ, ಹದಿನೈದು ಹೋಗಿದ್ದು ಎಂಜಿನ್ನಿನ ನೂರರಲ್ಲಿ, ಆದ್ದರಿಂದ ಗಾಲಿಗೆ ಎಂಬತ್ತೈದು ಬಂದರೆ ಎಂಜಿನ್ನಿಗೆ ನೂರು ಎಂದು ನಾನು. ಹಲಗೆಯ ಮೇಲೆ ಎರಡು ದಿನ ಬರೆದು ಅಳಿಸಿದೆವು. ಕೊನೆಗೆ ಗಾಡಿ ತಂದಿದ್ದ ಬೆಲ್ಲದ ದಲಾಲಿಯೊಬ್ಬ ಬೇಸತ್ತು, "ಸೂಟು ತಗಿಯೂ ಮೊದಲ ನೂರಿತ್ತು, ತಗದ ಮ್ಯಾಲ ಎಂಬತ್ತೈದಾತು. ತಿರುಗಿ ಹಾಕಿದ್ರ ನೂರ ಆಗಬೇಕಲ್ರೀ? ನಿಮ್ಮ ಸಾಹೇಬ್ರು ನಡಬರಕ ಎರಡ ಕಿಲೋ ನುಂಗ್ಯಾರ" ಅಂದ. ಸರ್ ಹಲಗೆ ಒರೆಸುವ ಅರಿವೆಯನ್ನು ಎಸೆದು ಹೋದರು. ನಾನು ಗೆದ್ದೆ ಎಂದು ಬೀಗಿದೆ. ಭಾಗಾಕಾರ ಸರಿಯಿತ್ತು, ಹದಿನೈದೇ ತಪ್ಪಿತ್ತು. ಅದು ನನಗೆ ಹೊಳೆಯಲು ವರ್ಷಗಳು ಬೇಕಾದವು.

ಈ ಹದಿನೈದರ ಕಾಗದಗಳು ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಹರಡಿದವು. ಮುಧೋಳದ ಗೌಡರೊಬ್ಬರು ತಮ್ಮ ಗಾಡಿಗೆ ನಾನು ಬರೆದುಕೊಟ್ಟ ನೂರಿಪ್ಪತ್ತನ್ನು ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತಮ್ಮ ಬೇಟೆ ನಾಯಿಯ ಫೋಟೊ ಪಕ್ಕ ತೂಗುಹಾಕಿದ್ದರು. ಬೀಗರು ಬಂದರೆ ಮೊದಲು ನಾಯಿ ತೋರಿಸಿ ಆಮೇಲೆ ಕಾಗದ ತೋರಿಸುತ್ತಿದ್ದರಂತೆ. ನನಗೂ ಹೆಮ್ಮೆಯೇ ಆಗುತ್ತಿತ್ತು.

ಹೀಗಿರುವಾಗ, ನಾನು ನಿವೃತ್ತನಾಗಲು ಕೆಲವೇ ತಿಂಗಳಿದ್ದಾಗ ಸುವರ್ಣಾ ಬಂದಳು. ಬನಹಟ್ಟಿಯವಳು, ನಮ್ಮ ಕಾಲೇಜಿನಲ್ಲೇ ಓದಿ, ಅಪ್ಪನ ಗ್ಯಾರೇಜನ್ನು ತಾನೇ ನಡೆಸುತ್ತಿದ್ದಳು. ಹೆಣ್ಣುಮಗಳು ಎಂಜಿನ್ ಬಿಚ್ಚುತ್ತಾಳೆ ಎಂದು ಮೊದಮೊದಲು ಜನ ನಿಂತು ನೋಡುತ್ತಿದ್ದರಂತೆ. ಆಮೇಲೆ ಗಾಡಿ ತರತೊಡಗಿದರು. ಅವತ್ತು ಅವಳ ಜೊತೆ ಬಂದವರು ನೂಲಿನ ವ್ಯಾಪಾರಿ ಈರಪ್ಪ ಸಾವ್ಕಾರರು. ಸುವರ್ಣಾ ಅವರ ಹಳೆಯ ಜೀಪಿನ ಎಂಜಿನ್ ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್ ಹಾಕಿ ಕಟ್ಟಿಕೊಟ್ಟು ತಿಂಗಳಾಗಿತ್ತು.

"ಗಾಡಿ ಎಳ್ಯಾಂಗಿಲ್ರಿ ಮಾಸ್ತರ್ರ," ಎಂದು ಸಾವ್ಕಾರರು ಶುರು ಮಾಡಿದರು. "ಹೊಸಾ ಪಿಸ್ಟನ್ ಅಂತಾಳು, ನನಗೇನೋ ಹಳೇವ್ನ ಒರಸಿ ಹಾಕ್ಯಾಳಂತ ಅನಸ್ತೈತಿ. ನಿಮ್ಮ ಕಾಟಾ ಏನ ಹೇಳ್ತೈತಿ ಅದ ಖರೆ. ಪುಸ್ತಕದಾಗ ತೊಂಬತ್ತ ಎಚ್‌ಪಿ ಐತಿ. ಅಷ್ಟ ಬಂತಂದ್ರ ನಾ ಬಾಯಿ ಮುಚ್ಚತೀನಿ. ಬರಲಿಲ್ಲಂದ್ರ ನಿಮ್ಮ ಕಾಗದಾ ಪ್ಯಾಟಿ ತುಂಬ ತೋರಸ್ತೀನಿ."

ಸುವರ್ಣಾ ಕೈ ಒರೆಸಿಕೊಳ್ಳುತ್ತ, "ಆತ್ರಿ ಸಾವ್ಕಾರ್ರ," ಅಂದಳು, ಅಷ್ಟೇ.

ಬನಹಟ್ಟಿ ನಿನಗೆ ಗೊತ್ತಲ್ಲ. ಒಂದು ಮನೆಯ ಮಗ್ಗ ನಿಂತರೆ ಓಣಿಗೆಲ್ಲ ತಿಳಿಯುತ್ತದೆ. ಸಾವ್ಕಾರರ ಅನುಮಾನ ಆಗಲೇ ಹಬ್ಬಿ, ಇಬ್ಬರು ಗಿರಾಕಿಗಳು ಬಿಚ್ಚಿಟ್ಟ ಗಾಡಿಯನ್ನು ಹಾಗೇ ಎಳೆಸಿಕೊಂಡು ಹೋಗಿದ್ದರು. ನನ್ನ ಕಾಗದವೂ ಅವಳ ವಿರುದ್ಧ ಬಂದರೆ ಗ್ಯಾರೇಜಿಗೆ ಬೀಗವೇ ಗತಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಎಂದಿನ ಹಾಗೆ ಐದು ನಿಮಿಷದಲ್ಲಿ ಮುಗಿಸಿದೆ.

ಗಾಲಿಗೆ ಅರವತ್ತಾರು ಬಂತು. ನನ್ನ ಸೂಟಿನ ಲೆಕ್ಕದಲ್ಲಿ ಎಂಜಿನ್ನಿಗೆ ಎಪ್ಪತ್ತೆಂಟು. ಬರೆದೆ, ಸಹಿ ಹಾಕಿದೆ, ಶಿಕ್ಕಾ ಹೊಡೆದೆ. ಗಾಡಿ ಓಡುವಾಗ ಏನೋ ಸುಟ್ಟ ವಾಸನೆ ಬಂದಿತ್ತು. ಹೊರಗೆ ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡು ಕಿಟಕಿ ಮುಚ್ಚಿದ್ದೆ. ನನ್ನ ಮೂಗು ಹೇಳಿದ್ದನ್ನೂ ನಾನು ಕೇಳಲಿಲ್ಲ.

"ಹನ್ನೆರಡು ಎಚ್‌ಪಿ ಎಲ್ಲಿ ಇಟ್ಟೀಯವಾ?" ಎಂದು ಸಾವ್ಕಾರರು ಕಾಗದವನ್ನು ಮಡಚಿ ಎದೆಯ ಜೇಬಿಗೆ ಇಟ್ಟುಕೊಂಡರು.

ಸುವರ್ಣಾ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ನನ್ನ ಕಡೆ ತಿರುಗಿ, "ಸರ್, ಕ್ಲಚ್ ಒತ್ತಿ ಗಾಲಿ ನಿಲ್ಲೂತನಕ ನೋಡ್ಲೇ ಇಲ್ಲಲ್ರಿ?" ಅಂದಳು.

"ಅದೆಲ್ಲಾ ಈಗ ಬೇಕಾಗಿಲ್ಲವಾ. ನೂರಕ್ಕ ಹದಿನೈದು ಹಿಡೀತೀವಿ."

"ಯಾವ ಗಾಡಿಗೂ?"

"ಯಾವ ಗಾಡಿಗೂ."

"ಹಂಗಾರ ಮಶೀನ್ ಯಾಕ್ರಿ ಸರ್? ನೀವ ಕೂತಲ್ಲೇ ಹೇಳಬಹುದಿತ್ತಲ್ರಿ."

ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ, ಆಗಲಿ ನೋಡೇ ಬಿಡೋಣ ಎಂದು ಗಾಡಿಯನ್ನು ಮತ್ತೆ ಓಡಿಸಿ, ಪೂರ್ತಿ ವೇಗಕ್ಕೆ ಒಯ್ದು ಕ್ಲಚ್ ಒತ್ತಿದೆ. ಗಾಲಿಗಳು ನಿಧಾನವಾಗಿ ನಿಲ್ಲಬೇಕಲ್ಲ, ಯಾರೋ ಹಿಡಿದು ನಿಲ್ಲಿಸಿದ ಹಾಗೆ ಗಕ್ಕನೆ ನಿಂತವು. ನಡುವೆ ತಿಂದಿದ್ದು ಇಪ್ಪತ್ತಮೂರು ಎಂದು ಮಶೀನು ತೋರಿಸಿತು. ಅರವತ್ತಾರು, ಇಪ್ಪತ್ತಮೂರು, ಕೂಡಿದರೆ ಎಂಬತ್ತೊಂಬತ್ತು. ಎಂಜಿನ್ನಿನಲ್ಲಿ ಕೊರತೆಯೇ ಇರಲಿಲ್ಲ.

ಸುವರ್ಣಾ ಹಿಂದಿನ ಗಾಲಿಯ ಹತ್ತಿರ ಕೈ ಒಯ್ದು ಸರಕ್ಕನೆ ಹಿಂದಕ್ಕೆ ತೆಗೆದಳು. ಬ್ರೇಕಿನ ಡ್ರಮ್ಮು ಕಾದ ಹಂಚಾಗಿತ್ತು, ರೊಟ್ಟಿ ಬೇಯಿಸಬಹುದಿತ್ತು. ಅವಳು ಜಾಕ್ ಹಾಕಿ ಹಿಂಭಾಗವನ್ನು ಎತ್ತಿದಳು.

"ಸಾವ್ಕಾರ್ರ, ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟೈತಿ ನೋಡ್ರಿ. ಈಗ ಈ ಗಾಲಿ ತಿರುಗಸ್ರಿ."

ಸಾವ್ಕಾರರು ಪಂಚೆ ಎತ್ತಿ ಕಟ್ಟಿ, ಎರಡೂ ಕೈಯಿಂದ ಟೈರು ಹಿಡಿದು ತಿರುವಿದರು. ಟೈರು ತಿರುಗಲಿಲ್ಲ, ಅವರ ಟೊಪ್ಪಿಗೆ ಬಿತ್ತು. ಇನ್ನೊಮ್ಮೆ ತಿರುವಿದರು, ಕನ್ನಡಕ ಬಿತ್ತು.

"ಈ ಹ್ಯಾಂಡ್‌ಬ್ರೇಕಿನ ಕೇಬಲ್ ಇಷ್ಟ ಬಿಗಿ ಯಾರ ಮಾಡಿದ್ರಿ? ನಾ ಕೊಟ್ಟಾಗ ಹಿಂಗ ಇರಲಿಲ್ಲ," ಅಂದಳು ಸುವರ್ಣಾ.

ಸಾವ್ಕಾರರು ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಕಥೆ ಹೊರಬಿತ್ತು. ಅವರ ಮನೆಯ ಮುಂದೆ ಇಳಿಜಾರು. ಎಂಜಿನ್ ಕಟ್ಟಿಸಿಕೊಂಡು ಹೋದ ಮರುವಾರ ಜೀಪು ತಾನಾಗಿ ಉರುಳಿ, ಎದುರು ಮನೆಯವರು ಬಣ್ಣ ಹಾಕಿ ಒಣಗಿಸಿದ್ದ ನೂಲಿನ ಮೇಲೆ ಹೋಗಿ ನಿಂತಿತ್ತು. ಓಣಿಯಲ್ಲಿ ದೊಡ್ಡ ರಂಪವಾಗಿತ್ತು. "ಮತ್ತ ಉರುಳಬಾರದಂತ ನಾನ ಪಾನಾ ತಗೊಂಡು ಬಿಗದೀನ್ರಿ. ಬಿಗಿ ಇದ್ರ ಛಲೋ ಅಲ್ಲೇನ್ರಿ?" ಅಂದರು. ಬ್ರೇಕು ಹಿಡಿದ ಗಾಡಿಯನ್ನು ಅವರು ಒಂದು ತಿಂಗಳು ಊರೆಲ್ಲ ಓಡಿಸಿ, ಎಳೆಯುವುದಿಲ್ಲ ಎಂದು ಬೈದಿದ್ದರು.

ಸುವರ್ಣಾ ಕೇಬಲ್ ಸಡಿಲಿಸಿದಳು. ಡ್ರಮ್ಮು ತಣ್ಣಗಾಗುವ ತನಕ ಕಾದೆವು. ಸಾಲಿನಲ್ಲಿದ್ದವರೂ ತಮ್ಮ ಗಾಡಿ ಮರೆತು ಸುತ್ತ ನಿಂತರು. ಈ ಸಲ ಗಾಲಿಗೆ ಎಪ್ಪತ್ತನಾಲ್ಕು ಬಂತು, ನಡುವೆ ತಿಂದಿದ್ದು ಹದಿನೈದು. ಎಂಜಿನ್ನಿಗೆ ಮತ್ತೆ ಅದೇ ಎಂಬತ್ತೊಂಬತ್ತು. ಗಾಲಿಯ ಅಂಕಿ ಬದಲಾಯಿತು, ನಷ್ಟದ ಅಂಕಿ ಬದಲಾಯಿತು, ಎಂಜಿನ್ನು ಮಾತ್ರ ಕೂತಲ್ಲೇ ಕೂತಿತ್ತು. ಇಷ್ಟು ವರ್ಷದಲ್ಲಿ ಆ ಮಶೀನಿನ ಮೇಲೆ ನಾನು ನೋಡಿದ ಅತ್ಯಂತ ಚಂದದ ಲೆಕ್ಕ ಅದು. ಅದನ್ನು ಬಿಡಿಸಿದ್ದು ನಾನಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಸಾವ್ಕಾರರು ಎದೆಯ ಜೇಬು ಮುಟ್ಟಿಕೊಂಡು, "ಎಲ್ಲಾ ಖರೆ ಇರಬಹುದು. ಆದ್ರ ಶಿಕ್ಕಾ ಇರೂದು ಈ ಎಪ್ಪತ್ತೆಂಟಕ್ಕ," ಅಂದರು. ವ್ಯಾಪಾರಿಗೆ ಕಣ್ಣಿಗಿಂತ ಶಿಕ್ಕಾ ದೊಡ್ಡದು. ನಾನು ಹೊಸ ಕಾಗದ ಬರೆದು ನಾಡಗೌಡ ಸರ್ ಕೋಣೆಗೆ ಓಡಿದೆ. ಆ ಹೊತ್ತಿಗೆ ಅವರು ಶಿಕ್ಕಾವನ್ನು ಒಯ್ದು ತಮ್ಮ ಮೇಜಿನ ಡ್ರಾವರಿನಲ್ಲಿ ಇಟ್ಟಿದ್ದರು. ಕಿಟಕಿಯಿಂದ ಎಲ್ಲವನ್ನೂ ನೋಡಿದ್ದರು.

"ಹುಚ್ಚ ಹಿಡದೈತೇನ್ ಸಂಗಪ್ಪಾ? ಒಂದ ಗಾಡಿಗೆ ಎರಡ ಕಾಗದಾ ಕೊಟ್ರ, ಇಷ್ಟ ವರ್ಷ ಕೊಟ್ಟಿದ್ದು ಎಲ್ಲಾ ತಿರುಗಿ ಬರ್ತಾವ. ನೀ ಆರಾಮ ರಿಟೈರ್ ಆಗಿ ಹೋಗ್ತಿ, ನಾ ಏನ್ ಮಾಡ್ಲಿ? ಸುಮ್ಮ ಹೋಗು."

ಖರೆ ಹೇಳುತ್ತೇನೆ ಪ್ರಕಾಶ, ನನಗೂ ಸುಮ್ಮನೆ ಹೋಗುವುದೇ ಬೇಕಾಗಿತ್ತು. ಹಾರ ಹಾಕಿಸಿಕೊಂಡು, ಶಾಲು ಹೊದಿಸಿಕೊಂಡು, ಯಾರಿಂದಲೂ ಒಂದು ಮಾತು ಕೇಳದೆ ಮನೆ ಸೇರುವ ಆಸೆ. ಬರಿಗೈಯಲ್ಲಿ ಶೆಡ್ಡಿಗೆ ಬಂದೆ. ಸುವರ್ಣಾ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಸರ್, ನಾಳೆ ಬನಹಟ್ಟ್ಯಾಗ ಆ ಕಾಗದಾ ಓಡಾಡ್ತೈತಿ. ನೀವು ಅದರ ಹಿಂದ ಓಡಿ ಬರಾಂಗಿಲ್ಲ," ಅಂದಳು.

ದನಿ ಎತ್ತಿರಲಿಲ್ಲ. ಎತ್ತಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಸಾವ್ಕಾರ್ರ, ಆ ಕಾಗದಾ ಒಂದೀಟ ಕೊಡ್ರಿ. ಒಂದ ಸಾಲು ಬಿಟ್ಟೈತಿ," ಎಂದು ಕೈ ಚಾಚಿದೆ. ಕೊಟ್ಟರು. ಎಪ್ಪತ್ತೆಂಟಕ್ಕೆ ಅಡ್ಡಗೆರೆ ಹೊಡೆದು, ಶಿಕ್ಕಾದ ಪಕ್ಕದಲ್ಲೇ ಬರೆದೆ: "ಮೇಲಿನ ಅಂಕಿ ನಾನು ಅಳೆಯದೆ ಅಂದಾಜಿನಿಂದ ಬರೆದದ್ದು. ತಪ್ಪು ನನ್ನದು. ಅಳೆದು ನೋಡಿದಾಗ ಎಂಬತ್ತೊಂಬತ್ತು. ಎಂಜಿನ್ ಕೆಲಸ ಚೊಕ್ಕವಾಗಿದೆ." ಕೆಳಗೆ ಸಹಿ ಹಾಕಿದೆ. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಓದಿದೆ.

ಸಾವ್ಕಾರರು ಕಾಗದ ಇಸಿದುಕೊಂಡು ಮೊದಲು ಶಿಕ್ಕಾ ಇದೆಯೇ ಎಂದು ನೋಡಿದರು. ಇತ್ತು. ಮೊದಲು ಹೊಡೆದದ್ದೇ.

"ಶಿಕ್ಕಾ ಐತಿ. ಆತು ಬಿಡ್ರಿ," ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಆ ಬ್ರೇಕಿಂದು ಬರದಿಲ್ಲ ಹೌದಲ್ರಿ?"

"ಬರೀಬ್ಯಾಡ್ರಿ ಸರ್," ಅಂದಳು ಸುವರ್ಣಾ. "ಎಂಜಿನ್ ಛಲೋ ಐತಿ ಅಂತ ಇದ್ರ ಸಾಕು."

ಆ ದೊಡ್ಡತನದ ಫಲ ನನ್ನ ತಲೆಗೆ ಬಂತು. ಬ್ರೇಕಿನ ಸುದ್ದಿ ಕಾಗದದಲ್ಲಿ ಇರಲಿಲ್ಲವಲ್ಲ, ಸಾವ್ಕಾರರು ನೂಲಿನ ಪೇಟೆ ತುಂಬ, "ಸುವರ್ಣಾ ಛಲೋ ಮಾಡ್ಯಾಳ್ರಿ, ಜಮಖಂಡಿ ಮಾಸ್ತರಂದ ತಪ್ಪ" ಎಂದು ಸಾರುತ್ತ ಹೋದರು. ಎಳೆಸಿಕೊಂಡು ಹೋಗಿದ್ದ ಎರಡೂ ಗಾಡಿ ಅವಳ ಗ್ಯಾರೇಜಿಗೆ ತಿರುಗಿ ಬಂದವು. ಉಳಿದ ಗಾಡಿಗಳೆಲ್ಲ ನನ್ನ ಶೆಡ್ಡಿಗೆ ಬಂದವು. ಪ್ರತಿಯೊಬ್ಬನ ಕೈಯಲ್ಲೂ ಹಳೆಯ ಕಾಗದ. "ನಮ್ಮದೂ ಅಂದಾಜೇನ್ರಿ ಮಾಸ್ತರ್ರ?" ಎಂದು ಒಬ್ಬರಾದ ಮೇಲೆ ಒಬ್ಬರು ಕೇಳುವುದು, ನಾನು ಹೌದ್ರಿ ಅನ್ನುವುದು. ಕ್ಲಚ್ ಒತ್ತಿ ಒತ್ತಿ ನನ್ನ ಎಡಗಾಲು ಬಾತುಕೊಂಡಿತು. ಕೆಲವರಿಗೆ ನಾಲ್ಕು ಎಚ್‌ಪಿ ಹೆಚ್ಚಾಯಿತು, ಅವರು ಪೇಢೆ ತಂದರು. ಕೆಲವರಿಗೆ ಕಮ್ಮಿಯಾಯಿತು, ಅವರು ನಾನೇ ತಿಂದೆನೆಂಬಂತೆ ನನ್ನ ಹೊಟ್ಟೆ ನೋಡಿದರು.

ಮುಧೋಳದ ಗೌಡರೂ ಬಂದರು. ಗೋಡೆಯ ಮೇಲಿನ ನೂರಿಪ್ಪತ್ತು ಅಳತೆಯಲ್ಲಿ ನೂರಹದಿನಾಲ್ಕಕ್ಕೆ ನಿಂತಿತು. ಗೌಡರು ಬಹಳ ಹೊತ್ತು ಮೀಸೆ ತೀಡಿದರು.

"ಮಾಸ್ತರ, ಗ್ವಾಡಿ ಮ್ಯಾಗಿಂದು ಗ್ವಾಡಿ ಮ್ಯಾಗ ಇರ್ಲಿ. ಇದನ್ನ ನಾ ಟ್ರೆಝರಿ ಕಪಾಟಿನ್ಯಾಗ ಇಡ್ತೀನಿ. ನೀನೂ ಬಾಯಿ ಬಿಡಬ್ಯಾಡ," ಅಂದರು. ಇಷ್ಟು ದಿನ ಬಿಟ್ಟಿರಲಿಲ್ಲ.

ನಾಡಗೌಡ ಸರ್ ಎರಡು ವಾರ ಕೂಗಾಡಿದರು. ಮೂರನೆಯ ವಾರ ಜನ ಕಮ್ಮಿಯಾಗದೆ ಹೆಚ್ಚಾಗಿದ್ದನ್ನು ನೋಡಿ, "ಇಲ್ಲಿ ಅಂದಾಜು ಇಲ್ಲ, ಅಳತೆ ಮಾತ್ರ" ಎಂದು ಬೋರ್ಡ್ ಬರೆಸಿ ಕೆಳಗೆ ತಮ್ಮ ಹೆಸರು ಹಾಕಿಸಿದರು. ಅಕ್ಷರ ಮಾತ್ರ ಚೆನ್ನಾಗಿ ಬಂದಿವೆ.

ನನ್ನ ಕೊನೆಯ ಶನಿವಾರ ನಿನಗೆ ನೆನಪಿರಬೇಕು, ನೀನು ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿತ್ತು. ಸುವರ್ಣಾ ಇನ್ನೊಬ್ಬ ಗಿರಾಕಿಯ ಕಾರು ತಂದಿದ್ದಳು. ನಿನ್ನ ಮುಂದೆ ಜಂಬ ಕೊಚ್ಚುವ ಆಸೆ ನನಗೆ ತಡೆಯಲಾಗಲಿಲ್ಲ.

"ನೋಡ ಪ್ರಕಾಶ, ಇಕಿ ನನ್ನ ಶಿಷ್ಯೆ. ನಾ ಕಲಸಿದ್ದನ್ನ ನಾನ ಮರತಿದ್ದೆ, ಇಕಿ ಮರತಿರಲಿಲ್ಲ. ಇಷ್ಟ ವರ್ಷ ಆದ ಮ್ಯಾಲೂ ಹೆಂಗ ನೆನಪಿಟ್ಟಿ ಯವ್ವಾ?"

ಸುವರ್ಣಾ ಪಟ್ಟಿ ಬಿಗಿಯುತ್ತಿದ್ದವಳು ತಲೆ ಎತ್ತಿದಳು.

"ಹೆಂಗ ಮರೀಲ್ರಿ ಸರ್? ಪ್ರಾಕ್ಟಿಕಲ್ ಪರೀಕ್ಷಾದಾಗ ನಾ ಕ್ಲಚ್ ಒತ್ತಿ ನೋಡದನ ಹದಿನೈದು ಹಿಡದು ಬರದಿದ್ದೆ. ಅಂದಾಜ ಹೊಡದೀಯಂತ ನೀವು ನನ್ನ ಫೇಲ್ ಮಾಡಿದ್ರಿ."

ನೀನು ನಕ್ಕೆ. ನಾಡಗೌಡ ಸರ್ ಕಿಟಕಿಯಲ್ಲಿ ನಕ್ಕರು. ಆ ಪರೀಕ್ಷೆ ನನಗೆ ನೆನಪೇ ಇರಲಿಲ್ಲ.

"ಎಷ್ಟ ಮಾರ್ಕಿನ್ಯಾಗ?" ಎಂದು ಕೇಳಿದೆ.

"ಎರಡರಾಗ್ರಿ. ಆರ ತಿಂಗಳು ಕಾಲೇಜ ತಪ್ಪಿತು. ಅಪ್ಪ ಸಾಲಿ ಬಿಡಿಸಿ ಗ್ಯಾರೇಜಿಗೆ ಹಚ್ಚಿದ್ದ. ಮತ್ತ ಬಂದು ಪಾಸಾಗಿ ಹೋದೆ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಪಟ್ಟಿಯ ಕೊನೆಯ ಕೊಂಡಿ ಸಿಕ್ಕಿಸಿ ಎದ್ದು ನಿಂತು, ಕಾರಿನ ಬಾಗಿಲು ತೆರೆದಳು. "ಈಗ ಕ್ಲಚ್ ನೀವು ಒತ್ತತೀರೋ ಸರ್, ನಾ ಒತ್ತಲೋ?"

ನಾನೇ ಹತ್ತಿ ಕೂತೆ. ಕ್ಲಚ್ ಒತ್ತಿ, ಗಾಲಿ ಪೂರ್ತಿ ನಿಲ್ಲುವ ತನಕ ಕಾಲು ತೆಗೆಯಲಿಲ್ಲ.